ನಾಲ್ಕು ಸೆಕೆಂಡಿಗೊಂದು ಪೆಟ್ಟು

ಪೆಟ್ಟಿಗೆಯನ್ನು ಮೂರನೆಯ ಮಹಡಿಯಿಂದ ಎಸೆದರು. ನೆಲ ಬಿರುಕು ಬಿಟ್ಟಿತು, ಪೆಟ್ಟಿಗೆ ಬಿಡಲಿಲ್ಲ.

ಆಮೇಲೆ ಅದನ್ನು ಮೂರು ದಿನ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರು. ಒಂದು ಹಗಲೆಲ್ಲ ಕುಲುಮೆಯ ಪಕ್ಕದಲ್ಲಿ ಕಾಯಿಸಿದರು. ಕೊನೆಗೆ ರಸ್ತೆ ಸಮ ಮಾಡುವ ರೋಲರನ್ನೇ ಅದರ ಮೇಲೆ ಹತ್ತಿಸಿದರು. ರೋಲರಿನ ಚಾಲಕ ಇಳಿದು ಬಂದವನು ಪೆಟ್ಟಿಗೆಯ ಕಡೆ ನೋಡಲೂ ಇಲ್ಲ, ತನ್ನ ರೋಲರಿಗೆ ಏನಾಯಿತೋ ಎಂದು ಬಗ್ಗಿ ಬಗ್ಗಿ ನೋಡಿದ. ಇಷ್ಟೆಲ್ಲ ನಡೆಯುವಾಗಲೂ ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಲೇ ಇತ್ತು. ತನ್ನನ್ನು ಎಸೆದದ್ದು, ಮುಳುಗಿಸಿದ್ದು, ಸುಟ್ಟದ್ದು ಎಲ್ಲವನ್ನೂ ಅದು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ಅಳೆದು ಬರೆದುಕೊಳ್ಳುತ್ತಿತ್ತು. ಎಸೆದವನ ಹೆಸರು ಮತ್ತು ಅವನ ತಂದೆಯ ಹೆಸರು ಎರಡನ್ನು ಬಿಟ್ಟರೆ ಬೇರೆಲ್ಲವೂ ಅದರಲ್ಲಿ ದಾಖಲಾಗಿದ್ದವು.

ಕ್ರಿಸ್ತಶಕ ಎರಡು ಸಾವಿರದ ಎಪ್ಪತ್ತೊಂದರಲ್ಲಿ ಹುಟ್ಟಿದ ಈ ಪೆಟ್ಟಿಗೆಗೆ ಕಾಗದಪತ್ರಗಳಲ್ಲಿ 'ದೃಢ ದತ್ತಸಂಗ್ರಾಹಕ' ಎಂದು ಹೆಸರು. ಜನ ಕರೆದದ್ದು ಗಟ್ಟಿಗ ಎಂದು.

ದತ್ತಸಂಗ್ರಾಹಕ ಎಂದರೆ ಬಹಳ ದೊಡ್ಡ ರಹಸ್ಯವೇನಲ್ಲ. ಕಂಪನ, ಶಾಖ, ಒತ್ತಡ ಇಂಥವನ್ನು ಅರಿಯುವ ಸಣ್ಣ ಸಾಧನಗಳು ಸಂವೇದಕಗಳು, ಅವು ಕಿವಿಗಳಿದ್ದಂತೆ. ಆ ಕಿವಿಗಳು ಕೇಳಿದ್ದನ್ನು ತಂತಿಯ ಮೂಲಕ ತರಿಸಿಕೊಂಡು, ಅಂಕಿಗಳಾಗಿ ಬದಲಿಸಿ, ಇದು ಏನು ಎಂದು ಹೇಳುವ ತಲೆಯೇ ದತ್ತಸಂಗ್ರಾಹಕ. ಗಟ್ಟಿಗನಿಗೆ ಇಂಥ ಕಿವಿಗಳು ಮೂವತ್ತೆರಡು. ರಾವಣನಿಗೂ ಇಪ್ಪತ್ತೇ ಇದ್ದದ್ದು.

ಅದನ್ನು ಮೊದಲು ಕೆಲಸಕ್ಕೆ ಹಚ್ಚಿದ್ದು ರಾಯಚೂರು ಸೀಮೆಯ ಬೂದಿಗುಡ್ಡದ ಚಿನ್ನದ ಗಣಿಯಲ್ಲಿ. ಬೂದಿಗುಡ್ಡದ ಬಿಸಿಲೆಂದರೆ ಹಂಚಿಲ್ಲದೆ ರೊಟ್ಟಿ ಬೇಯಿಸಬಹುದಾದಂಥದ್ದು; ಆದರೂ ಅಲ್ಲಿಯ ಜನ ತಂಪಿಗಾಗಿ ಮೇಲಕ್ಕೆ ಬರುತ್ತಿದ್ದರು. ಕಾರಣ, ಗಣಿ ನಾಲ್ಕು ಕಿಲೋಮೀಟರು ಆಳ. ಇನ್ನೊಂದು ಗೇಣು ಅಗೆದಿದ್ದರೆ ಆಚೆ ಬದಿಯ ದೇಶದವರು ಬಂದು ಜಗಳ ತೆಗೆಯುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆ ಸುಮ್ಮನಿರುವುದಿಲ್ಲ. ಮೇಲಿನ ಭಾರ ತಾಳಲಾರದೆ ಒಮ್ಮೊಮ್ಮೆ ಸಿಡಿದು ಕುಸಿಯುತ್ತದೆ. ಕುಸಿದಾಗ ಒಳಗೆ ಸಿಕ್ಕವರು ಇದ್ದಾರೋ ಇಲ್ಲವೋ, ಇದ್ದರೆ ಯಾವ ಕಡೆ ಇದ್ದಾರೆ ಎಂಬುದು ಮೇಲಿನವರಿಗೆ ತಿಳಿಯುತ್ತಿರಲಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಹಾಗೆ ಸಿಕ್ಕವರಲ್ಲಿ ಅರ್ಧಕ್ಕರ್ಧ ಮಂದಿ ಸತ್ತದ್ದು ಕಲ್ಲು ಬಿದ್ದು ಅಲ್ಲ. ಮೇಲಿನವರು ತಪ್ಪು ದಿಕ್ಕಿನಲ್ಲಿ ಕೊರೆದದ್ದರಿಂದ.

ಇದಕ್ಕೆ ಉಪಾಯ ಹುಡುಕಿದವಳು ಬಾಗಲಕೋಟೆಯ ಕಡೆಯ ಎಂಜಿನಿಯರು ಚಂಪಾವತಿ ಜಾಲಿಹಾಳ. ವಯಸ್ಸು ಮೂವತ್ತನಾಲ್ಕು, ಗಾತ್ರ ಹಿಡಿಯಷ್ಟು, ಧ್ವನಿ ಮಾತ್ರ ಗಣಿಯ ಸೈರನ್ನಿಗೆ ಸರಿಸಮ. ಅವಳ ತರ್ಕ ಇಷ್ಟೇ. ಗಣಿಯೊಳಗೆ ಯಾವಾಗಲೂ ಗದ್ದಲ: ನೀರೆತ್ತುವ ಪಂಪು, ಗಾಳಿ ಊದುವ ಫ್ಯಾನು, ಸಾಗಣೆಯ ಪಟ್ಟಿ. ಆದರೆ ಯಂತ್ರದ ಸದ್ದು ಒಂದೇ ಸಮ. ಮನುಷ್ಯನದು ಹಾಗಲ್ಲ. ಮನುಷ್ಯನ ಹೆಜ್ಜೆ, ಕೆಮ್ಮು, ಕೈಯ ಹೊಡೆತ ಯಾವುದೂ ಎರಡು ಸಲ ಒಂದೇ ತರಹ ಇರುವುದಿಲ್ಲ. ಆದ್ದರಿಂದ ಗಟ್ಟಿಗ ಮೊದಲು ತೊಂಬತ್ತು ಸೆಕೆಂಡು ಸುಮ್ಮನೆ ಕೇಳುತ್ತದೆ. ಆ ಹೊತ್ತಿನಲ್ಲಿ ಏನೇನು ಬದಲಾಗದೆ ಮರುಕಳಿಸುತ್ತದೋ ಅದೆಲ್ಲ ಯಂತ್ರವೆಂದು ತಿಳಿದು ಲೆಕ್ಕದಿಂದ ಕಳೆದುಬಿಡುತ್ತದೆ. ಇದೇ ಶೂನ್ಯೀಕರಣ. ಆಮೇಲೆ ಪರದೆಯ ಮೇಲೆ ಉಳಿಯುವುದು ಎರಡೇ: ಬಿರಿಯುತ್ತಿರುವ ಬಂಡೆ, ಬದುಕಿರುವ ಮನುಷ್ಯ.

ಎಲ್ಲ ಸರಿ, ಆದರೆ ಮೂವತ್ತೆರಡು ಸಂವೇದಕಗಳೂ ಸರಿಯಾಗಿ ಕೇಳುತ್ತಿವೆಯೇ ಎಂದು ಪರೀಕ್ಷಿಸಬೇಕಲ್ಲ? ಅದಕ್ಕೆ ಪ್ರತಿಯೊಂದರ ಪಕ್ಕದಲ್ಲೂ ಒಂದೇ ಬಲದ, ಒಂದೇ ಅಂತರದ ಪೆಟ್ಟು ಹಾಕಬೇಕು. ಪೆಟ್ಟು ಒಂದೇ ಸಮ ಇದ್ದರೆ ತಾನೇ ಸಂವೇದಕಗಳಲ್ಲಿ ವ್ಯತ್ಯಾಸ ಇದೆಯೋ ಇಲ್ಲವೋ ಗೊತ್ತಾಗುವುದು? ಚಂಪಾ ವಿದೇಶದಿಂದ ಸ್ವಯಂಚಾಲಿತ ಸುತ್ತಿಗೆ ತರಿಸಿದಳು. ಬೂದಿಗುಡ್ಡದ ಧೂಳು ಒಂದೇ ವಾರದಲ್ಲಿ ಅದನ್ನು ತಿಂದು ತೇಗಿತು. ಎರಡನೆಯದೂ ಬಂತು, ಅದರ ತೇಗೂ ಕೇಳಿಸಿತು.

ಆಗ ಗಣಿಯ ರಕ್ಷಣಾ ದಳದ ಮುಖ್ಯಸ್ಥ ಮೌನೇಶ ಹೇಳಿದ: "ಮೇಡಂ, ಸುತ್ತಿಗಿ ಯಾಕ ತರಸ್ತೀರಿ? ನಮ್ಮ ಹುಸೇನಪ್ಪ ಇಲ್ಲೇನು?"

ಹುಸೇನಪ್ಪನ ಕೆಲಸ ಸುರಂಗದ ಮಾಡು ತಟ್ಟುವುದು. ಕೆಲಸಗಾರರು ಇಳಿಯುವ ಮೊದಲು ಕಬ್ಬಿಣದ ಹಾರೆಯಿಂದ ಮೇಲಿನ ಬಂಡೆಗೆ ತಟ್ಟಿ, ಗಟ್ಟಿಯೋ ಪೊಳ್ಳೋ ಎಂದು ಸದ್ದಿನಿಂದಲೇ ಹೇಳುವುದು. ಮೂವತ್ತೊಂದು ವರ್ಷ ಅವನು ಇದನ್ನೇ ಮಾಡಿದ್ದ. ಅವನು 'ಪೊಳ್ಳು' ಎಂದ ಬಂಡೆ ನಾಚಿಕೆಯಿಂದಲೇ ಉದುರುತ್ತಿತ್ತು ಎಂದು ಗಣಿಯವರು ಹೇಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ.

"ನಾ ಏನ್ ಮಾಡಬೇಕ್ರಿ ಬಾಯಾರ?" ಎಂದು ಅವನು ತಲೆಯ ಮೇಲಿನ ದೀಪದ ಟೊಪ್ಪಿಗೆ ತೆಗೆದು ಕೇಳಿದ.

"ಏನಿಲ್ಲ ಕಾಕಾ. ಈ ಸಂವೇದಕದ ಮಗ್ಗಲಿಗೆ ಬಂಡಿಗಲ್ಲಿಗೆ ಸುತ್ತಿಗಿಲೆ ತಟ್ಟಬೇಕು. ನಾಲ್ಕು ಸೆಕೆಂಡಿಗೊಂದು. ಎಲ್ಲಾ ಪೆಟ್ಟು ಒಂದ ನಮೂನಿ ಇರಬೇಕು."

"ಅಷ್ಟಾ? ನಾ ಏನೋ ಕಲ್ತವರು ಮಾಡೋ ಕೆಲಸ ಅಂತ ಅಂಜಿದ್ದೆ."

ತಟ್ಟಿದ. ಚಂಪಾ ಪರದೆ ನೋಡಿದಳು. ಪೆಟ್ಟು, ನಾಲ್ಕು ಸೆಕೆಂಡು, ಪೆಟ್ಟು, ನಾಲ್ಕು ಸೆಕೆಂಡು. ವ್ಯತ್ಯಾಸ ನೂರನೇ ಒಂದು ಸೆಕೆಂಡಿಗಿಂತ ಕಡಿಮೆ. ಉಪಕರಣ ಕೆಟ್ಟಿದೆ ಎಂದುಕೊಂಡು ಕೇಬಲ್ಲು ಬದಲಿಸಿದಳು. ಮತ್ತೆ ಅದೇ. ಆ ವಾರ ಪ್ರಯೋಗಾಲಯದ ಗೋಡೆ ಗಡಿಯಾರ ಹಿಂದೆ ಬಿದ್ದಾಗ ಹುಸೇನಪ್ಪನನ್ನು ಕರೆಸಿ ಸರಿಮಾಡಿಕೊಂಡರಂತೆ.

"ಹೆಂಗ ಸಾಧ್ಯ ಕಾಕಾ? ಮನಸಿನ್ಯಾಗ ಎಣಸ್ತೀರೇನು?"

ಹುಸೇನಪ್ಪ ಮೀಸೆಯೊಳಗೇ ನಕ್ಕ. "ಎಣಸೂದೇನ್ರಿ. ನಮ್ಮಾಕಿ ರೊಟ್ಟಿ ಬಡಿಯೋದು ಕಿವ್ಯಾಗ ಇರ್ತದ. ಆಕಿ ಎಂಟು ಸಲ ಬಡದ್ರ ನಂದು ಒಂದು ಪೆಟ್ಟು."

ಮಾತು ನಿಜ. ಮನೆಯಲ್ಲಿ ಅವನ ಹೆಂಡತಿ ದ್ಯಾವಮ್ಮ ಜೋಳದ ರೊಟ್ಟಿ ಬಡಿಯಲು ಕೂತಳೆಂದರೆ ಇವನು ಹೊರಸಿನ ಮೇಲೆ ಕೂತು ಅದರ ಕಾಲಿಗೆ ಬೆರಳಿನಿಂದ ತಟ್ಟುತ್ತಿದ್ದ. ಅವಳು ಎಂಟು ಬಡಿತಕ್ಕೆ ರೊಟ್ಟಿ ತಿರುವುತ್ತಿದ್ದಳು, ಇವನು ಒಂದು ಪೆಟ್ಟು ಹಾಕುತ್ತಿದ್ದ. ಅವಳ ರೊಟ್ಟಿಗಳು ಒಂದರ ಮೇಲೊಂದು ಇಟ್ಟರೆ ಒಂದೇ ರೊಟ್ಟಿ ಎನ್ನುವಷ್ಟು ಸಮ. ಇವನು ಅವಳ ಲಯ ಹಿಡಿದನೋ ಅವಳು ಇವನದೋ ಎಂಬ ವ್ಯಾಜ್ಯ ಮದುವೆಯಾದ ವರ್ಷವೇ ಶುರುವಾಗಿ ಇನ್ನೂ ತೀರ್ಮಾನವಾಗಿರಲಿಲ್ಲ.

ಹೀಗೆ ಹತ್ತು ತಿಂಗಳು ನಡೆಯಿತು. ದಿನವೂ ಬೆಳಿಗ್ಗೆ ಹುಸೇನಪ್ಪ ಕೆಳಗೆ ಮೂವತ್ತೆರಡು ಕಡೆ ತಟ್ಟುವನು, ಮೇಲೆ ಚಂಪಾ ಗಟ್ಟಿಗನ ಮುಂದೆ ಕೂತು ಫೋನಿನಲ್ಲಿ ಹೇಳುವಳು: "ಒಂಬತ್ತು ಪಾಸು. ಹತ್ತು ಪಾಸು. ಹನ್ನೊಂದು ಸ್ವಲ್ಪ ಮಂಕು, ಇನ್ನೊಮ್ಮೆ ತಟ್ಟರಿ."

"ಹನ್ನೊಂದಕ್ಕ ಶೀತ ಆಗೇದ ಕಾಣ್ತದ್ರಿ, ಕಿವಿಗೆ ಎಣ್ಣಿ ಬಿಡ್ರಿ."

"ಕಾಕಾ, ನೀವು ಮನುಷ್ಯಾರಲ್ಲ. ಪಂಪ್ ಇದ್ದಂಗ ಅದೀರಿ."

ಈ ಹೊಗಳಿಕೆಯನ್ನು ಅವನು ಮನೆಗೆ ಹೊತ್ತೊಯ್ದು ದ್ಯಾವಮ್ಮನಿಗೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ. "ಎಂಜಿನೇರಮ್ಮ ಏನಂದಳು ಗೊತ್ತೇನ? ಪಂಪು ಅಂದಳು ನನಗ, ಪಂಪು!" "ಹೌದೌದು," ಎನ್ನುವಳು ಅವಳು, "ನೀರು ಮಾತ್ರ ನಾನ ತರಬೇಕು."

ಇಲ್ಲಿ ಒಂದು ವಿವರ ಹೇಳಬೇಕು. ಗಟ್ಟಿಗನಿಗೆ ಎರಡು ಸ್ಥಿತಿಗಳು. ಸಂವೇದಕಗಳನ್ನು ಪರೀಕ್ಷಿಸುವಾಗ ಅದು ಪರೀಕ್ಷಾ ಸ್ಥಿತಿಯಲ್ಲಿರುತ್ತದೆ. ಆಗ ಬಂದದ್ದನ್ನೆಲ್ಲ ಹಾಗೆಯೇ ತೋರಿಸುತ್ತದೆ, ಏನನ್ನೂ ಕಳೆಯುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ಕಾವಲು ಸ್ಥಿತಿಗೆ ತಿರುಗಿಸುತ್ತಾರೆ. ಶೂನ್ಯೀಕರಣ, ಕಳೆಯುವಿಕೆ ಎಲ್ಲ ಆಗ ಮಾತ್ರ. ಹತ್ತು ತಿಂಗಳಲ್ಲಿ ಹುಸೇನಪ್ಪ ತಟ್ಟಿದ್ದು ಲಕ್ಷಗಟ್ಟಲೆ ಪೆಟ್ಟು. ಅಷ್ಟೂ ಪರೀಕ್ಷಾ ಸ್ಥಿತಿಯಲ್ಲಿ. ಕಾವಲು ಸ್ಥಿತಿಯನ್ನು ಪರೀಕ್ಷಿಸಲು ಬೇರೆ ಕೆಲಸಗಾರರನ್ನು ಒಳಗೆ ನಡೆದಾಡಿಸಿದರು, ಕೆಮ್ಮಿಸಿದರು, ಕಲ್ಲು ಕುಟ್ಟಿಸಿದರು. ಗಟ್ಟಿಗ ಒಬ್ಬೊಬ್ಬರನ್ನೂ ಹಿಡಿದುಕೊಟ್ಟಿತು. ಹುಸೇನಪ್ಪನನ್ನು ಮಾತ್ರ ಯಾರೂ ಆ ಸ್ಥಿತಿಯಲ್ಲಿ ತಟ್ಟಿಸಲಿಲ್ಲ. ದಿನವೂ ಕೇಳಿಸುವವನ ಸದ್ದು ಕೇಳಿಸುತ್ತದೆಯೇ ಎಂದು ಯಾರು ಪರೀಕ್ಷಿಸುತ್ತಾರೆ?

ಒಮ್ಮೆ ಅವನೇ ಕೇಳಿದ್ದ. "ಬಾಯಾರ, ನಾನ ಒಳಗ ಸಿಕ್ರ ಏನ್ ಮಾಡ್ಲಿ?"

"ಇಂಥಾ ಮಾತು ಯಾಕ ಕಾಕಾ?"

"ಗಣಿ ಅಂದಮ್ಯಾಲ ಇದ್ದದ್ದ. ಹೇಳ್ರಿ."

"ಹತ್ತರ ಇರೋ ಸಂವೇದಕದ ಕಡೆ ಹೋಗಿ ತಟ್ಟರಿ. ದಿನಾ ಹೆಂಗ ತಟ್ಟತೀರಿ ಹಂಗ. ಒಂದು ಕೂದಲೆಳಿ ಹೆಚ್ಚುಕಮ್ಮಿ ಮಾಡಬ್ಯಾಡ್ರಿ. ಸಾವಿರ ಮಂದ್ಯಾಗ ನಿಮ್ಮ ಪೆಟ್ಟು ನಾ ಗುರುತು ಹಿಡೀತೀನಿ."

ಆ ದಿನ ಬೆಳಿಗ್ಗೆ ಏಳಕ್ಕೆ ಪರೀಕ್ಷೆ ಮುಗಿದಿತ್ತು. ಹದಿನೇಳನೆಯ ಸಂವೇದಕದ ದಾಖಲೆಯಲ್ಲಿ ಸ್ವಲ್ಪ ಏರುಪೇರು. ಅದು ತಳಹಂತದ ಪಶ್ಚಿಮ ಸುರಂಗದ ಕೊನೆಯಲ್ಲಿತ್ತು. ಹುಸೇನಪ್ಪ ಆಗಲೇ ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟಿನಂಥ ಕೇಜಿನ ಹತ್ತಿರ ನಿಂತಿದ್ದ.

"ಕಾಕಾ, ಹದಿನೇಳು ಇನ್ನೊಂದ ಸಲ ನೋಡೂನೇನು?" ಎಂದಳು ಚಂಪಾ.

"ನೋಡೂನ್ರಿ. ಬುತ್ತಿ ಅಲ್ಲೇ ಬಿಟ್ಟು ಬಂದೀನಿ, ಅದನ್ನೂ ತಂದಂಗಾತು."

ಏಳು ಹತ್ತಕ್ಕೆ ಬಂಡೆ ಕುಸಿಯಿತು. ಮೇಲೆ ಚಂಪಾಳ ಮೇಜಿನ ಮೇಲಿದ್ದ ಚಹಾದ ಲೋಟ ತಾನಾಗಿ ನಡೆದು ಹೋಗಿ ಕೆಳಗೆ ಬಿತ್ತು. ಕರೆಂಟು ಹೋಯಿತು, ಫೋನು ಸತ್ತಿತು. ತಳಹಂತದಲ್ಲಿದ್ದವರೆಲ್ಲ ಡೀಸೆಲ್ಲಿನಿಂದ ಓಡುವ ಕೇಜು ಹತ್ತಿ ಮೇಲೆ ಬಂದರು. ಒಬ್ಬ ಬರಲಿಲ್ಲ.

ಗಟ್ಟಿಗನಿಗೆ ಏನೂ ಆಗಿರಲಿಲ್ಲ. ತನ್ನ ಬ್ಯಾಟರಿಯ ಮೇಲೆ ಅದು ಹಸಿರು ದೀಪ ಮಿಣುಕಿಸುತ್ತಲೇ ಇತ್ತು. ಆದರೆ ದೊಡ್ಡ ಆಘಾತವಾದ ಮೇಲೆ ಸಂವೇದಕಗಳ ಸೊನ್ನೆ ಜರುಗಿರುತ್ತದೆ. ತಕ್ಕಡಿಯ ಮುಳ್ಳು ಜರುಗಿದ ಹಾಗೆ. ಆದ್ದರಿಂದ ಕೈಪಿಡಿಯ ಮೊದಲನೆಯ ನಿಯಮ: ಆಘಾತವಾದ ಕೂಡಲೇ ಮತ್ತೆ ಶೂನ್ಯೀಕರಿಸಬೇಕು. ಕೈಪಿಡಿ ಬರೆದವಳು ಚಂಪಾಳೇ. ಅರ್ಧ ತಾಸಿನಲ್ಲಿ ಕೇಬಲ್ಲುಗಳನ್ನೆಲ್ಲ ಸರಿನೋಡಿ, ಏಳು ಐವತ್ತಕ್ಕೆ ಗುಂಡಿ ಒತ್ತಿದಳು. ಗಟ್ಟಿಗ ತೊಂಬತ್ತು ಸೆಕೆಂಡು ಕೇಳಿತು. ಬದಲಾಗದೆ ಮರುಕಳಿಸುತ್ತಿದ್ದುದನ್ನು ಕಳೆಯಿತು.

ಪರದೆಯ ಮೇಲೆ ಮೂವತ್ತೆರಡು ಗೆರೆಗಳು ಚಪ್ಪಟೆಯಾಗಿ ಮಲಗಿದ್ದವು. ಮೂಲೆಯಲ್ಲಿ ಸಣ್ಣ ಅಕ್ಷರ: 'ಕಳೆದ ಸ್ಥಿರ ಸದ್ದು: ಒಂದು.' ದಿನವೂ ಅಲ್ಲಿ ಏಳು ಎಂದಿರುತ್ತಿತ್ತು. ಕರೆಂಟು ಹೋದ ಮೇಲೆ ತುರ್ತು ಪಂಪು ಒಂದು ಓಡುತ್ತಿರಬೇಕು ಎಂದುಕೊಂಡಳು.

"ಹದಿನೇಳರ ಹತ್ತರ ಏನಾರ?" ಎಂದ ಮೌನೇಶ.

"ಏನೂ ಇಲ್ಲ."

"ಉಸಿರಾಟ?"

"ಸಂವೇದಕ ಚಲೋ ಐತಿ ಮೌನೇಶ. ಅಲ್ಲಿ ಯಾರೂ ಇಲ್ಲ."

ಪಶ್ಚಿಮದ ತುದಿಯಲ್ಲಿ ಇಲ್ಲವೆಂದರೆ ಕೇಜಿನ ಕಡೆ ಓಡಿಬರುವಾಗ ಪೂರ್ವದಲ್ಲಿ, ಸಂವೇದಕಗಳಿಗೆ ದೂರದ ಯಾವುದೋ ಮೂಲೆಯಲ್ಲಿ, ಎಚ್ಚರ ತಪ್ಪಿ ಸಿಕ್ಕಿರಬೇಕು. ಕೊರೆಯುವ ಯಂತ್ರ ಇದ್ದದ್ದು ಒಂದೇ. ಎಂಟು ಗಂಟೆಗೆ ಪೂರ್ವದ ಕಡೆ ಕೊರೆಯಲು ಶುರುಮಾಡಿದರು.

ದ್ಯಾವಮ್ಮ ಒಂಬತ್ತಕ್ಕೆ ಬಂದಳು. ಚಂಪಾಳ ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವಳ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ತಾಸಿಗೊಮ್ಮೆ "ಕೇಳಸ್ತೇನ್ರಿ?" ಎನ್ನುವಳು. ತಾಸಿಗೊಮ್ಮೆ ಚಂಪಾ ತಲೆಯಾಡಿಸುವಳು. ನಾಲ್ಕು ಸಲ ಹೀಗಾಯಿತು.

ಮಧ್ಯಾಹ್ನ ಒಂದಕ್ಕೆ ದ್ಯಾವಮ್ಮ ಬೇರೆಯೇ ಮಾತು ತೆಗೆದಳು.

"ಅವರು ತಟ್ಟತಿರಬೇಕಲ್ರಿ?"

"ಎಚ್ಚರ ಇದ್ದಿದ್ರ ತಟ್ಟತಿದ್ರು ಕಾಕು. ಗಟ್ಟಿಗ ಬಿಡತಿರಲಿಲ್ಲ. ಇಲಿ ಓಡಿದ್ರೂ ತೋರಸ್ತೈತಿ ಅದು."

"ಪಂಪಿನ ಸದ್ದು ಕಾಣವಲ್ದಲ್ರಿ ಇದ್ರಾಗ?"

"ಅದನ್ನ ಕಳದು ಒಗಿತೈತ್ರಿ. ಒಂದ ಸಮ ಇರೋದು ಮನುಷ್ಯಾರದ್ದಲ್ಲ ಅಂತ ಅದಕ್ಕ ಕಲಿಸೀನಿ."

ದ್ಯಾವಮ್ಮ ತನ್ನ ಅಂಗೈ ನೋಡಿಕೊಂಡಳು. "ಮತ್ತ ನೀವ ಅವರಿಗೆ ಪಂಪು ಅಂತಿದ್ರಿ ಅಂತ?"

ಚಂಪಾ ಪರದೆಯ ಕಡೆ ತಿರುಗಿದಳು. ಮೂಲೆಯ ಸಣ್ಣ ಅಕ್ಷರಗಳನ್ನು ನೋಡಿದಳು. ಕಳೆದ ಸ್ಥಿರ ಸದ್ದು: ಒಂದು.

"ಮೌನೇಶ! ತುರ್ತು ಪಂಪು ಓಡಾಕತ್ತೈತೇನು?"

"ಎಲ್ಲಿ ಪಂಪ್ರಿ ಮೇಡಂ? ಕುಸಿದಾಗ್ಲೆ ಅದು ಕಲ್ಲಿನ ಕೆಳಗ ಹೋತು. ನಮ್ಮ ಕೊರೆಯೋ ಯಂತ್ರ ಬಿಟ್ರ ಒಳಗ ಒಂದೂ ಯಂತ್ರ ನಡಿಯವಲ್ದು."

ಅವಳು ಕಚ್ಚಾ ದಾಖಲೆ ತೆರೆದಳು; ಏನನ್ನೂ ಕಳೆಯುವ ಮೊದಲು ಸಂವೇದಕಗಳು ಕಳಿಸಿದ್ದು ಇದ್ದಂತೆಯೇ ಅಲ್ಲಿರುತ್ತದೆ. ಹದಿನೇಳನೆಯ ವಾಹಿನಿ. ಪೆಟ್ಟು. ನಾಲ್ಕು ಸೆಕೆಂಡು. ಪೆಟ್ಟು. ನಾಲ್ಕು ಸೆಕೆಂಡು. ಬೆಳಿಗ್ಗೆ ಏಳು ಹನ್ನೆರಡರಿಂದ, ಎಂದರೆ ಬಂಡೆ ಬಿದ್ದ ಎರಡೇ ನಿಮಿಷದಿಂದ, ಒಂದು ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ. ನಡುವೆ ಹನ್ನೊಂದು ಗಂಟೆಯ ಸುಮಾರಿಗೆ ಪೆಟ್ಟು ತುಸು ಮೆತ್ತಗಾಗಿತ್ತು. ಸುತ್ತಿಗೆ ಬಲಗೈಯಿಂದ ಎಡಗೈಗೆ ಹೋಗಿತ್ತು. ಲಯ ಮಾತ್ರ ತಪ್ಪಿರಲಿಲ್ಲ. ಅವಳು ಹೇಳಿದ್ದನ್ನು ಅವನು ಅಕ್ಷರಶಃ ಪಾಲಿಸಿದ್ದ.

ಚಂಪಾಳ ಸೈರನ್ ಧ್ವನಿ ಹೊರಡಲಿಲ್ಲ. ಪರದೆಗೆ ಬೆರಳು ತೋರಿಸಿದಳು, ಅಷ್ಟೇ. ಮೌನೇಶ ಓಡಿದ. ಕೊರೆಯುವ ಯಂತ್ರವನ್ನು ಪಶ್ಚಿಮಕ್ಕೆ ತಿರುಗಿಸಿದರು. ಅದನ್ನು ಆ ಜನ ಎಳೆದೊಯ್ದ ವೇಗಕ್ಕೆ ಹಳಿಗಳು ಕಾದು ಕೆಂಪಾದವು ಎಂದರೆ ನಂಬಬೇಕು. ಆದರೂ ಅಲ್ಲಿ ತಲುಪಲು ಮೂರು ತಾಸು ಬೇಕಿತ್ತು.

ಎರಡೂವರೆಗೆ ಗಟ್ಟಿಗ ಕೂಗಿತು.

ಪರದೆಯ ಮೇಲೆ ಅಲ್ಲಿಯವರೆಗೆ ಸತ್ತು ಮಲಗಿದ್ದ ಹದಿನೇಳನೆಯ ಗೆರೆ ಒಮ್ಮೆ ಎದ್ದು ಬಿತ್ತು. ಕೆಂಪು ಅಕ್ಷರಗಳು ಮಿನುಗಿದವು: 'ಮನುಷ್ಯ.' ಸ್ವಲ್ಪ ಹೊತ್ತಿಗೆ ಮತ್ತೆ: 'ಮನುಷ್ಯ.' ಬಾಗಿಲಲ್ಲಿ ನಿಂತಿದ್ದ ಗಣಿಯವರೆಲ್ಲ ಹೋ ಎಂದು ಕೂಗಿದರು. ಯಾರೋ ಟೊಪ್ಪಿಗೆ ಮೇಲಕ್ಕೆಸೆದರು. "ಅದಾನ! ಮುದುಕ ಅದಾನಲೇ! ಮೂವತ್ತೆರಡು ಕಿವಿಗೆ ಈಗ ಎಣ್ಣಿ ಬಿದ್ದದ!" ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಗೆರೆ ಬರಬರುತ್ತ ಹೆಚ್ಚು ಹೆಚ್ಚಾಗಿ ಏಳತೊಡಗಿತು, ಕೂಗು ದೊಡ್ಡದಾಯಿತು.

ಚಂಪಾ ಕುರ್ಚಿಯ ಕೈ ಹಿಡಿದು ಕೂತಿದ್ದಳು. ಗಟ್ಟಿಗನಿಗೆ ಅವನು ಯಾಕೆ ಈಗ ಕೇಳಿಸತೊಡಗಿದ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಪೆಟ್ಟು ಈಗ ನಾಲ್ಕು ಸೆಕೆಂಡಿಗೆ ಬೀಳುತ್ತಿರಲಿಲ್ಲ. ಐದಕ್ಕೆ ಬಿತ್ತು, ಮೂರಕ್ಕೆ ಬಿತ್ತು, ಏಳಕ್ಕೆ ಬಿತ್ತು. ಒಂದು ಜೋರು, ಒಂದು ಸುತ್ತಿಗೆ ಜಾರಿದ ಹಾಗೆ. ಒಳಗೆ ಗಾಳಿ ಮುಗಿಯುತ್ತಿತ್ತು. ಕೈ ಸೋತು ಲಯ ತಪ್ಪಿತ್ತು. ಲಯ ತಪ್ಪಿದ್ದರಿಂದ ಯಂತ್ರ ಅವನನ್ನು ಮನುಷ್ಯನೆಂದು ಒಪ್ಪಿತ್ತು.

"ಈಗ ಕೇಳಸಕತ್ತದೇನ್ರಿ?" ಎಂದಳು ದ್ಯಾವಮ್ಮ ಕೆಳಗಿನಿಂದ.

"ಹೌದ್ರಿ ಕಾಕು," ಎಂದಳು ಚಂಪಾ. "ಕೇಳಸಾಕತ್ತೈತಿ."

ಮೂರು ನಲವತ್ತಕ್ಕೆ ಗೆರೆ ಮತ್ತೆ ಮಲಗಿತು. ನಾಲ್ಕು ಐದಕ್ಕೆ ಮೌನೇಶನ ಜನ ಒಳಹೊಕ್ಕರು. ಹುಸೇನಪ್ಪ ಬಂಡೆಗೆ ಒರಗಿ ಕೂತಿದ್ದ, ಮೈ ಇನ್ನೂ ಬೆಚ್ಚಗಿತ್ತು. ಸುತ್ತಿಗೆ ಎಡಗೈಯಲ್ಲಿ. ಬಲ ಅಂಗೈಯ ಚರ್ಮ ಕಿತ್ತು ಬಂದಿತ್ತು. ಪಕ್ಕದಲ್ಲಿ ಬುತ್ತಿ ಗಂಟು ಬಿಚ್ಚದೆ ಹಾಗೆಯೇ ಇತ್ತು; ಬಿಚ್ಚಿದ್ದರೆ ಒಂದೆರಡು ಪೆಟ್ಟು ತಪ್ಪುತ್ತಿದ್ದವು. ಹದಿನೇಳನೆಯ ಸಂವೇದಕದ ಮಗ್ಗುಲಿಗೆ ಬಂಡೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಳಿ ಗುಳಿ ಬಿದ್ದಿತ್ತು. ಏಳು ತಾಸಿನ ಪೆಟ್ಟೆಲ್ಲ ಅದೇ ಒಂದು ಜಾಗದಲ್ಲಿ. ಅದರ ಸುತ್ತ ಅಲ್ಲೊಂದು ಇಲ್ಲೊಂದು ಚೆದುರಿದ ಗುರುತುಗಳು ಕೊನೆಯ ತಾಸಿನವು.

ಈ ಕಥೆಯಲ್ಲಿ ಇದೊಂದು ಅಂಕಿಯನ್ನು ಉಬ್ಬಿಸಲು ಕೈ ಬರುವುದಿಲ್ಲ: ಏಳು ಸಾವಿರದ ನೂರಾ ಹದಿನೆಂಟು ಪೆಟ್ಟು. ಅದರಲ್ಲಿ ಗಟ್ಟಿಗ ಕಿವಿಗೆ ಹಾಕಿಕೊಂಡದ್ದು ಕೊನೆಯ ಐನೂರಾ ನಲವತ್ತೆಂಟು.

ವಿಚಾರಣೆ ನಡೆಯಿತು. ಸಂವೇದಕ ಸರಿ, ಕೇಬಲ್ಲು ಸರಿ, ಪೆಟ್ಟಿಗೆ ಸರಿ, ಕೈಪಿಡಿಯಂತೆ ನಡೆದದ್ದೂ ಸರಿ, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ವರದಿ ಬಂತು. ಚಂಪಾ ವರದಿಯನ್ನು ಓದಿ ಮಡಿಸಿ ಒಳಗಿಟ್ಟಳು. ಆಮೇಲೆ ಕೈಪಿಡಿಯ ಮೊದಲ ನಿಯಮವನ್ನು ಹೊಡೆದುಹಾಕಿ ಹೊಸದು ಬರೆದಳು: ಶೂನ್ಯೀಕರಿಸುವ ಮೊದಲು ಕಚ್ಚಾ ದಾಖಲೆಯ ಪ್ರತಿಯೊಂದು ವಾಹಿನಿಯನ್ನೂ ಮನುಷ್ಯನ ಕಿವಿಯಿಂದ ಕೇಳಬೇಕು. ಆದರೆ ಹಳೆಯ ನಿಯಮದ, ಇದೇ ಮಾದರಿಯ ಪೆಟ್ಟಿಗೆಗಳು ಆಗಲೇ ಭೂಮಂಡಲದ ಗಣಿಗಳಿಗೆಲ್ಲ ಹೋಗಿಬಿಟ್ಟಿದ್ದವು. ಅಲ್ಲಿ ಕೂತವರೆಲ್ಲ ಕೇಳುತ್ತಾರೆ ಎಂದು ಯಾವ ಭರವಸೆ? ಹಾಗಾಗಿ ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಕೆಟ್ಟದಾಗಿ ತಟ್ಟಲು ಕಲಿಸಬೇಕೆಂದು ತೀರ್ಮಾನವಾಯಿತು. ಒಂದು ಜೋರು, ಎರಡು ಮೆತ್ತಗೆ, ತಡೆದು ಒಂದು, ಅವಸರದಲ್ಲಿ ನಾಲ್ಕು. ಯಾವ ತಾಳಕ್ಕೂ ಸಿಗಬಾರದು. ಪುಸ್ತಕದಲ್ಲಿ ಇದರ ಹೆಸರು 'ಅಸ್ಥಿರ ತಾಡನ'. ಗಣಿಯವರು ಇಟ್ಟ ಹೆಸರು 'ಹುಸೇನಪ್ಪನ ಪೆಟ್ಟು'. ಜೀವಮಾನದಲ್ಲಿ ಒಂದು ಪೆಟ್ಟನ್ನೂ ತಪ್ಪಾಗಿ ಹಾಕದವನ ಹೆಸರು, ಹೀಗೆ, ಎಲ್ಲಕ್ಕಿಂತ ಕೆಟ್ಟ ಹೊಡೆತಕ್ಕೆ ಅಂಟಿತು.

ಚಂಪಾ ಎಂಟು ತಿಂಗಳು ದ್ಯಾವಮ್ಮನ ಮನೆಯ ಕಡೆ ಹೋಗಿರಲಿಲ್ಲ. ಒಂದು ದಿನ ಹೋದಳು. ದ್ಯಾವಮ್ಮ ರೊಟ್ಟಿ ಬಡಿಯುತ್ತಿದ್ದಳು. ಒಂದು ದೊಡ್ಡದು, ಒಂದು ಸಣ್ಣದು, ಒಂದರ ಅಂಚು ಸೀಳು.

"ಕಾಕು, ಒಂದು ಮಾತು ಹೇಳಬೇಕಿತ್ತು. ಅವತ್ತ ಎರಡೂವರಿಗೆ ಎಲ್ಲಾರೂ ಕುಣದಾಗ..."

"ಗೊತ್ತದ ಬಿಡ್ರಿ," ಎಂದಳು ದ್ಯಾವಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ. "ಎಲ್ಲಾರೂ ಕುಣಿದ್ರು, ನೀವೊಬ್ಬರ ಕುಣೀಲಿಲ್ಲ. ಆವಾಗ್ಲೆ ಗೊತ್ತಾತು ನನಗ."

ಚಂಪಾ ಬಾಗಿಲ ಕಡೆ ಹೆಜ್ಜೆ ಎತ್ತಿದಳು.

"ಕೂಡ್ರಿ. ಉಂಡು ಹೋಗ್ರಿ. ರೊಟ್ಟಿ ಸೊಟ್ಟ ಆಗ್ಯಾವ, ನಗಬ್ಯಾಡ್ರಿ."

ಊಟ ಮಾಡುವಾಗ ದ್ಯಾವಮ್ಮನೇ ಕೇಳಿದಳು: ಗಣಿಯಲ್ಲಿ ತಟ್ಟುವುದನ್ನು ಕಲಿಸುತ್ತಾರಂತೆ, ಪಾಸು ಫೇಲು ನೋಡುವವರು ಯಾರು? ಪೆಟ್ಟಿಗೆ ನೋಡುತ್ತದೆ ಎಂದಳು ಚಂಪಾ. ದ್ಯಾವಮ್ಮ ಅವಳ ಮುಖವನ್ನೇ ನೋಡಿದಳು. ಮರುವಾರದಿಂದ ಪರೀಕ್ಷೆಗೆ ಇಬ್ಬರು ಪರೀಕ್ಷಕರು: ಗಟ್ಟಿಗ ಮತ್ತು ದ್ಯಾವಮ್ಮ.

ಕ್ರಮ ಹೀಗೆ. ಗಣಿಯ ಅಂಗಳದಲ್ಲಿ ಒಂದು ಉದ್ದನೆಯ ಬಂಡೆ. ಅದರ ಒಂದು ತುದಿಯಲ್ಲಿ ತಟ್ಟುವವನು. ಇನ್ನೊಂದು ತುದಿಯಲ್ಲಿ ಅವನಿಗೆ ಬೆನ್ನು ಮಾಡಿ ದ್ಯಾವಮ್ಮ. ಅವನು ತಟ್ಟುವಾಗ ಅವಳ ಅಂಗೈ ಮಡಿಲಿನ ಮೇಲೆ ತಾನಾಗಿ ರೊಟ್ಟಿ ಬಡಿಯಲು ಶುರುಮಾಡಿದರೆ ಅವನು ಫೇಲು. ಕೈ ಸುಮ್ಮನಿದ್ದರೆ ಪಾಸು. ಮೂರು ವರ್ಷದಲ್ಲಿ ಅವಳ ತೀರ್ಮಾನವೂ ಪೆಟ್ಟಿಗೆಯ ತೀರ್ಮಾನವೂ ಒಂದು ಸಲವೂ ಬೇರೆಯಾಗಲಿಲ್ಲ. ಪೆಟ್ಟಿಗೆಯೇ ಅವಳ ಕೈ ನೋಡಿ ಬರೆದುಕೊಳ್ಳುತ್ತಿತ್ತು ಎನ್ನುವವರೂ ಇದ್ದರು.

ನಾಲ್ಕನೆಯ ವರ್ಷ ಕೊಪ್ಪಳದ ಕಡೆಯ ಒಬ್ಬ ಬಂದ. ನಲವತ್ತು ದಾಟಿದ ಗಡ್ಡದ ಆಸಾಮಿ, ಹಿಂದೆ ಕಂಚಿನ ಪಾತ್ರೆ ಬಡಿಯುತ್ತಿದ್ದವನು. ಸುತ್ತಿಗೆ ಹಿಡಿದ. ಪೆಟ್ಟು. ನಾಲ್ಕು ಸೆಕೆಂಡು. ಪೆಟ್ಟು. ನಾಲ್ಕು ಸೆಕೆಂಡು.

ಗಟ್ಟಿಗನ ಪರದೆ ಚಪ್ಪಟೆಯಾಯಿತು. ಚಂಪಾ ತಲೆಯೆತ್ತಿದಳು. ದ್ಯಾವಮ್ಮನ ಬೆನ್ನು ಕಾಣುತ್ತಿತ್ತು; ಬಲಗೈ ಮಡಿಲಿನ ಮೇಲೆ ಏಳುತ್ತ ಬೀಳುತ್ತ ಇತ್ತು. ಎಂಟು ಬಡಿತ, ಒಂದು ತಿರುವು. ಎಂಟು ಬಡಿತ, ಒಂದು ತಿರುವು. ಪರೀಕ್ಷೆ ನಿಲ್ಲಿಸುವ ಗಂಟೆ ಚಂಪಾಳ ಮುಂದೆಯೇ ಇತ್ತು. ಅವಳು ಅದರ ಕಡೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು.

ಎಷ್ಟು ಹೊತ್ತು ಹೀಗೆ ನಡೆಯಿತೆಂದು ಯಾರೂ ಅಳೆಯಲಿಲ್ಲ. ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ಅಳೆಯುವ ಪೆಟ್ಟಿಗೆಗೆ ಏನೂ ಕೇಳಿಸುತ್ತಿರಲಿಲ್ಲ.

ಕೊನೆಗೆ ದ್ಯಾವಮ್ಮ ಎದ್ದಳು. ಸೀರೆಯ ಮಡಿಲು ಕೊಡವಿದಳು, ಅಲ್ಲಿ ಹಿಟ್ಟು ಇಲ್ಲದಿದ್ದರೂ. ಬಂಡೆಯ ಉದ್ದಕ್ಕೂ ನಡೆದು ಬಂದು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು.

"ಭಾಳ ಚಂದ ತಟ್ಟತಿ ನೋಡಪ್ಪಾ," ಎಂದಳು. "ಇನ್ನೊಮ್ಮಿ ಹಿಂಗ ತಟ್ಟಬ್ಯಾಡ."